ಜರ್ಮನಿಯಿಂದ ಬಂದ ಮುತ್ತಾತನ ಊರು ಹುಡುಕುವುದು ಹೇಗೆ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದರು. ನಮ್ಮ ಕಡೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ಅಜ್ಜನ ಅಜ್ಜನ ಹೆಸರು, ಮನೆದೇವರು, ಬಿಟ್ಟು ಬಂದ ಊರು ಎಲ್ಲಾ ಬಾಯಲ್ಲೇ ಇತ್ತು. ಅಳಿಯನ ಕಡೆಯದು ಮಾತ್ರ ಒಂದೇ ಮಾತಿಗೆ ನಿಂತಿತು: ‘ಪ್ರಷ್ಯಾದಿಂದ ಬಂದವರು’. ಪ್ರಷ್ಯಾ ಅಂದರೆ ಹಳೇ ಜರ್ಮನಿಯ ಒಂದು ದೊಡ್ಡ ರಾಜ್ಯ. ವಿಸ್ಕಾನ್ಸಿನ್‌ನಲ್ಲಿ ಎಷ್ಟೋ ಮನೆಗಳ ಕಥೆ ಇದೇ. ಅದೊಂದೇ ಎಳೆ ಹಿಡಿದು ನಾನೂ ಅಳಿಯನೂ ಮೂರು ತಿಂಗಳು ಹುಡುಕಿದೆವು. ನಿಮ್ಮ ಬೀಗರ ಮನೆಯಲ್ಲೂ ಇಂಥದ್ದೊಂದು ಎಳೆ ಇದ್ದರೆ ಹೀಗೆ ಮಾಡಿ ನೋಡಿ.

ಮೊದಲು ಅಮೆರಿಕದಲ್ಲೇ ಹುಡುಕಿ

ಎಲ್ಲರೂ ಮಾಡುವ ತಪ್ಪು ಅಂದರೆ ನೇರವಾಗಿ ಜರ್ಮನಿಯ ದಾಖಲೆಗೆ ಕೈ ಹಾಕುವುದು. ಅಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟಿದ್ದು ಆಯಾ ಊರಿನ ಚರ್ಚ್. ಊರಿನ ಹೆಸರು ಗೊತ್ತಿಲ್ಲದೆ ಮುಂದೆ ಹೋಗಲು ಆಗುವುದೇ ಇಲ್ಲ. ಅದೂ ಅಲ್ಲದೆ, 1871ಕ್ಕೆ ಮುಂಚೆ ಜರ್ಮನಿ ಒಂದೇ ದೇಶವಾಗಿರಲಿಲ್ಲ. ನಮ್ಮ ಕಿಟೆಲ್ ಅವರನ್ನೇ ನೋಡಿ. 1832ರಲ್ಲಿ ಅವರು ಹುಟ್ಟಿದಾಗ ಅವರ ಊರು ಹ್ಯಾನೋವರ್ ರಾಜ್ಯದಲ್ಲಿತ್ತು, 1866ರಲ್ಲಿ ಪ್ರಷ್ಯಾಕ್ಕೆ ಸೇರಿತು, ಐದು ವರ್ಷ ಕಳೆದು ಜರ್ಮನ್ ಸಾಮ್ರಾಜ್ಯದ ಭಾಗವಾಯಿತು. ಊರು ಕದಲಲಿಲ್ಲ, ರಾಜರು ಬದಲಾದರು. ಹಾಗಾಗಿ ‘ಪ್ರಷ್ಯಾ’ ಅಂತ ಬರೆದಿದ್ದರೆ ಅದರಿಂದ ಏನೂ ಸಿಗುವುದಿಲ್ಲ.

ಅಮೆರಿಕದ 1900ರ ಜನಗಣತಿಯಿಂದ ಶುರು ಮಾಡಿ. ಹುಟ್ಟಿದ ತಿಂಗಳು, ವರ್ಷ, ಅಮೆರಿಕಕ್ಕೆ ಬಂದ ವರ್ಷ ಮೂರೂ ಅದರಲ್ಲಿವೆ. 1890ರ ಜನಗಣತಿ ಹುಡುಕಬೇಡಿ, 1921ರ ಬೆಂಕಿಯಿಂದಾಗಿ ಅದು ಬಹುತೇಕ ಉಳಿದಿಲ್ಲ. ಪೌರತ್ವದ ಕಾಗದ 1906ರ ನಂತರದ್ದಾದರೆ ಹುಟ್ಟೂರು ಇರುವ ಸಾಧ್ಯತೆ ಜಾಸ್ತಿ. ಅದಕ್ಕೂ ಹಳೆಯದಾದರೆ ಎಷ್ಟೋ ಸಲ ಬಿಟ್ಟು ಬಂದ ದೇಶದ ರಾಜನ ಹೆಸರು ಬಿಟ್ಟು ಬೇರೇನೂ ಇರುವುದಿಲ್ಲ.

ಊರಿನ ಹೆಸರು ನಮಗೆ ಸಿಕ್ಕಿದ್ದು ಚರ್ಚಿನಲ್ಲಿ. ಅಮೆರಿಕದ ಜರ್ಮನ್ ಲೂಥರನ್ ಪಾದ್ರಿಗಳು ಮದುವೆ, ಸಾವು ಬರೆಯುವಾಗ ಹುಟ್ಟೂರನ್ನೂ ಬರೆದಿಡುತ್ತಿದ್ದರು. ಸರ್ಕಾರಿ ಕಾಗದದಲ್ಲಿ ‘ಪ್ರಷ್ಯಾ’ ಎಂದಷ್ಟೇ ಇದ್ದವರಿಗೆ ಪಾದ್ರಿಯ ಪುಸ್ತಕದಲ್ಲಿ ಪ್ರಷ್ಯಾದ ಪೊಮೆರೇನಿಯಾ ಪ್ರಾಂತ್ಯದ ಒಂದು ಹಳ್ಳಿಯ ಹೆಸರೇ ಇತ್ತು. ಸಮಾಧಿ ಕಲ್ಲು, ಜರ್ಮನ್ ಭಾಷೆಯ ಹಳೇ ಪತ್ರಿಕೆಗಳ ನಿಧನವಾರ್ತೆ ಕೂಡ ಬಿಡಬೇಡಿ. ಹಡಗಿನ ಪಟ್ಟಿಯಲ್ಲಿ ಅದೃಷ್ಟದ ಆಟವೂ ಇದೆ. ಹ್ಯಾಂಬರ್ಗ್‌ನಿಂದ ಹೊರಟವರಾದರೆ 1850ರಿಂದ 1934ರವರೆಗಿನ ಪಟ್ಟಿಗಳಿವೆ, ಹೊರಟ ಊರೂ ಅದರಲ್ಲಿದೆ. ಬ್ರೆಮೆನ್‌ನಿಂದ ಹೊರಟಿದ್ದರೆ ಅಲ್ಲಿನ ಹಳೇ ಪಟ್ಟಿಗಳು ಹೆಚ್ಚುಕಡಿಮೆ ಎಲ್ಲವೂ ಹೋಗಿವೆ.

ಹೆಸರಿನ ಗೋಜಲು

ಒಂದು ವಾರ ನಾವು ‘ಯೋಹಾನ್’ನನ್ನು ಹುಡುಕಿದೆವು. ಆಮೇಲೆ ನೋಡಿದರೆ ಅಣ್ಣತಮ್ಮಂದಿರೆಲ್ಲಾ ಯೋಹಾನ್‌ಗಳೇ! ಯೋಹಾನ್ ಗಿಯೋರ್ಗ್, ಯೋಹಾನ್ ಫ್ರೀಡ್ರಿಶ್, ಹೀಗೆ. ಮನೆಯಲ್ಲಿ ಕರೆಯುತ್ತಿದ್ದದ್ದು ಎರಡನೇ ಹೆಸರಿನಿಂದ. ನಮ್ಮಲ್ಲೂ ತೊಟ್ಟಿಲಲ್ಲಿ ಇಟ್ಟ ಹೆಸರೊಂದು, ಕರೆಯುವ ಹೆಸರೊಂದು ಇರುತ್ತಲ್ವಾ? ಮನೆತನದ ಹೆಸರೂ ಅಷ್ಟೇ. ಮ್ಯುಲರ್ ಮಿಲ್ಲರ್ ಆಗಿರಬಹುದು, ಷ್ನೈಡರ್ ಟೇಲರ್ ಆಗಿರಬಹುದು. ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ಎಲ್ಲಿಸ್ ಐಲೆಂಡ್‌ನ ಅಧಿಕಾರಿಗಳು ಹೆಸರು ಬದಲಾಯಿಸಿದರು ಅನ್ನುವುದು ಮಾತ್ರ ಸುಮ್ನೆ ಕಟ್ಟುಕಥೆ. ಪಟ್ಟಿ ಬರೆಯುತ್ತಿದ್ದವರು ಹಡಗಿನ ಕಂಪನಿಯವರು, ಅದೂ ಹಡಗು ಹತ್ತುವ ಬಂದರಿನಲ್ಲೇ. ಹೆಸರು ಬದಲಾಯಿಸಿಕೊಂಡವರು ಸಾಮಾನ್ಯವಾಗಿ ಅಮೆರಿಕದಲ್ಲಿ ನೆಲೆಸಿದ ಮೇಲೆ ತಾವೇ ಬದಲಾಯಿಸಿಕೊಂಡರು.

ಊರು ಸಿಕ್ಕ ಮೇಲೆ

ಆ ಊರನ್ನು ‘ಮೇಯರ್ಸ್ ಗೆಜೆಟಿಯರ್’ನಲ್ಲಿ ನೋಡಿ. ಜರ್ಮನ್ ಸಾಮ್ರಾಜ್ಯದ ಸಣ್ಣಪುಟ್ಟ ಊರುಗಳನ್ನೂ ಪಟ್ಟಿ ಮಾಡಿದ 1912ರ ಸುಮಾರಿನ ಕೋಶ ಇದು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ, ‘ನಾಯ್‌ಸ್ಟಾಟ್’ ಅಂದರೆ ನಮ್ಮ ಹೊಸೂರು ಇದ್ದಂತೆ. ಜಿಲ್ಲೆ ಯಾವುದು ಎಂದು ತಾಳೆ ನೋಡಿಕೊಳ್ಳಿ. ಪೊಮೆರೇನಿಯಾದ ಬಹುಭಾಗ ಈಗ ಪೋಲೆಂಡಿನಲ್ಲಿದೆ, ಊರುಗಳ ಹೆಸರೂ ಬದಲಾಗಿವೆ. ಸ್ಟೆಟಿನ್ ಈಗ ಶ್ಚೆಚಿನ್. ಅಲ್ಲಿನ ಎಷ್ಟೋ ಚರ್ಚ್ ಪುಸ್ತಕಗಳು ಎರಡನೇ ಮಹಾಯುದ್ಧದಲ್ಲಿ ಹೋದವು. ನಮ್ಮದು ಉಳಿದಿತ್ತು, ಪುಣ್ಯ.

ಚರ್ಚ್ ಪುಸ್ತಕಗಳ ಚಿತ್ರಗಳಿಗೆ ‘ಫ್ಯಾಮಿಲಿಸರ್ಚ್’ ಜಾಲತಾಣ ನೋಡಿ, ದುಡ್ಡು ಬೇಡ. ಪ್ರೊಟೆಸ್ಟಂಟ್ ಚರ್ಚುಗಳಿಗೆ ‘ಆರ್ಕಿಯಾನ್’ ಇದೆ, ಅದಕ್ಕೆ ಶುಲ್ಕವಿದೆ. ಕ್ಯಾಥೊಲಿಕ್ ಆದರೆ ‘ಮಾಟ್ರಿಕುಲಾ’, ಪುಕ್ಕಟೆ. ಸರ್ಕಾರಿ ನೋಂದಣಿ ಇಡೀ ದೇಶಕ್ಕೆ ಬಂದದ್ದು 1876ರಲ್ಲಿ.

ಅಕ್ಷರ ನೋಡಿ ಗಾಬರಿಯಾಗಬೇಡಿ. ‘ಕುರೆಂಟ್’ ಎಂಬ ಹಳೇ ಕೈಬರಹ ಅದು, ಇಂದಿನ ಜರ್ಮನ್ನರಲ್ಲೂ ಹೆಚ್ಚಿನವರಿಗೆ ಓದಲು ಬರುವುದಿಲ್ಲ. ಅಕ್ಷರಗಳ ಚಾರ್ಟ್ ಒಂದನ್ನು ಪಕ್ಕದಲ್ಲಿಟ್ಟುಕೊಂಡು ಮೊದಲು ನಿಮ್ಮ ಮನೆತನದ ಹೆಸರು ಬರೆದು ಕಲಿಯಿರಿ, ಪುಟದಲ್ಲಿ ಅದೇ ಆಕಾರ ಕಣ್ಣಿಗೆ ಬೀಳುತ್ತದೆ. ತಿಂಗಳುಗಳ ಬಗ್ಗೆ ಎಚ್ಚರ. ಹಳೇ ಪುಸ್ತಕದಲ್ಲಿ ‘7ಬರ್’ ಅಂದರೆ ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್ನಿನಲ್ಲಿ ಏಳಕ್ಕೆ ‘ಸೆಪ್ಟೆಮ್’. ಹೆಂಗಸರ ಮನೆತನದ ಹೆಸರಿನ ಕೊನೆಗೆ ‘ಇನ್’ ಇದ್ದರೆ ಅದನ್ನು ತೆಗೆದು ಓದಿ.

ದೀಕ್ಷಾಸ್ನಾನದ ಸಾಲು ಸಿಕ್ಕಿದರೆ ಅಪ್ಪ ಅಮ್ಮನ ಹೆಸರಿಗೇ ನಿಲ್ಲಬೇಡಿ, ಕೆಳಗಿರುವ ಜ್ಞಾನಪಿತರ (ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು) ಹೆಸರುಗಳನ್ನೂ ಬರೆದುಕೊಳ್ಳಿ. ಅಳಿಯನ ಮುತ್ತಾತನಿಗೆ ಮೂವರಿದ್ದರು. ಅದರಲ್ಲೊಂದು ಹೆಸರು ಎಲ್ಲೋ ನೋಡಿದ ಹಾಗಿತ್ತು. 1900ರ ಜನಗಣತಿಯ ಹಾಳೆ ತೆಗೆದೆವು. ವಿಸ್ಕಾನ್ಸಿನ್‌ನಲ್ಲಿ ಪಕ್ಕದ ಹೊಲದವನದೂ ಅದೇ ಮನೆತನ.