‘ಅಸಾಮಾನ್ಯ ಟ್ರಾಫಿಕ್’ ಅಂತ ಫೋನ್ ತಡೆದರೆ ಏನು ಮಾಡಬೇಕು?

ಮಳೆ ಹಿಡಿಯಿತೆಂದರೆ ಲಿಂಗನಮಕ್ಕಿ ಜಲಾಶಯದ ನೀರು ಭರ್ತಿ ಮಟ್ಟವಾದ 1819 ಅಡಿ ಮುಟ್ಟುತ್ತದಾ ಅಂತ ಹುಡುಕುವವರು ನಮ್ಮ ಕಡೆ ಜಾಸ್ತಿ. ಉಳಿದ ದಿನ ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ ಅಡಿಕೆಯ ಧಾರಣೆ. ಹಾಗೆ ಹುಡುಕುವಾಗಲೇ ಕೆಲವೊಮ್ಮೆ ‘ನಿಮ್ಮ ನೆಟ್‌ವರ್ಕ್‌ನಿಂದ ಅಸಾಮಾನ್ಯ ಟ್ರಾಫಿಕ್ ಬರುತ್ತಿದೆ’ ಎಂಬ ಎಚ್ಚರಿಕೆ ಬರುತ್ತದೆ. ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ ಇದನ್ನು ಕಂಡು, ತನ್ನಿಂದ ಏನೋ ತಪ್ಪಾಯಿತು ಅಂತ ಹೆದರಿ ಎರಡು ದಿನ ಫೋನ್ ಮುಟ್ಟಿರಲಿಲ್ಲ.

ತಪ್ಪು ಅವರದ್ದಲ್ಲ. ನಮ್ಮಲ್ಲಿ ಒಂಟಿ ಮನೆಗಳ ಕಾಗದಗಳನ್ನು ಬಸ್ ಸ್ಟಾಪಿನ ಅಂಗಡಿಯಲ್ಲಿ ಕೊಟ್ಟುಹೋಗುತ್ತಾರೆ ಅಲ್ವಾ? ಹತ್ತಾರು ಮನೆಗೆ ಒಂದೇ ವಿಳಾಸ. ಮೊಬೈಲ್ ಇಂಟರ್ನೆಟ್ಟೂ ಹೆಚ್ಚುಕಮ್ಮಿ ಹಾಗೆಯೇ. ಇಂಟರ್ನೆಟ್ಟಿನಲ್ಲಿ ಫೋನ್‌, ಕಂಪ್ಯೂಟರ್‌ಗಳನ್ನು ಗುರುತಿಸುವ ಸಂಖ್ಯೆಗೆ ಐಪಿ ವಿಳಾಸ ಅನ್ನುತ್ತಾರೆ. ಹಳೆಯ ಮಾದರಿಯ ಈ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಅದಕ್ಕೇ ಕಂಪನಿಗಳು ನೂರಾರು ಫೋನ್‌ಗಳನ್ನು ಒಂದೇ ವಿಳಾಸದಿಂದ ಹೊರಗೆ ಕಳಿಸುತ್ತವೆ. ಅವುಗಳಲ್ಲಿ ಯಾವುದೋ ಒಂದು ಫೋನ್‌ನಿಂದ ತಂತ್ರಾಂಶವೊಂದು ತಾನಾಗಿಯೇ ಸಾವಿರಾರು ಹುಡುಕಾಟ ನಡೆಸಿದರೆ, ಸರ್ಚ್ ಎಂಜಿನ್‌ನ ಅನುಮಾನ ಆ ವಿಳಾಸದವರೆಲ್ಲರ ಮೇಲೆ ಬೀಳುತ್ತದೆ.

ಎಚ್ಚರಿಕೆ ಬಂದಾಗ ಮೊದಲು, ಮತ್ತೆ ಮತ್ತೆ ರಿಫ್ರೆಶ್ ಒತ್ತುವುದನ್ನು ನಿಲ್ಲಿಸಿ. ಅದರಿಂದ ಅನುಮಾನ ಹೆಚ್ಚಬಹುದು. ಆಮೇಲೆ ಬ್ರೌಸರ್‌ನ ಮೇಲ್ಭಾಗದಲ್ಲಿ ಕಾಣುವ ವೆಬ್‌ಸೈಟ್ ವಿಳಾಸ ಓದಿ. ಅದು ನೀವು ಬಳಸುತ್ತಿದ್ದ ಸರ್ಚ್ ಎಂಜಿನ್‌ನದ್ದೇ ಆಗಿದ್ದರೆ ಕ್ಯಾಪ್ಚಾ ತುಂಬಿ. ‘ನಾನು ರೋಬೋಟ್ ಅಲ್ಲ’ ಚೌಕ ಒತ್ತುವುದೋ, ಬಸ್ಸಿರುವ ಚಿತ್ರ ಆರಿಸುವುದೋ ಇರುತ್ತದೆ. ಹೆಚ್ಚಿನ ಸಲ ಅಲ್ಲಿಗೇ ಮುಗಿಯಿತು.

ಮುಗಿಯದಿದ್ದರೆ ವಿಪಿಎನ್ (ನಿಮ್ಮ ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಆ್ಯಪ್) ಇದೆಯಾ ನೋಡಿ, ಇದ್ದರೆ ಆಫ್ ಮಾಡಿ. ಅಲ್ಲೂ ಒಂದೇ ವಿಳಾಸಕ್ಕೆ ಬಹಳ ಜನ. ಬಳಿಕ ಏರೋಪ್ಲೇನ್ ಮೋಡ್ ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆಯಿರಿ. ಬೇರೆ ವಿಳಾಸ ಸಿಗುವ ಸಾಧ್ಯತೆ ಇದೆ. ಮನೆಯ ವೈಫೈಯಲ್ಲಿ ಮಾತ್ರ ಹೀಗಾದರೆ ಮೊಬೈಲ್ ಡೇಟಾಗೆ ಬದಲಿಸಿ, ರೂಟರ್ ಆಫ್ ಮಾಡಿ ಆನ್ ಮಾಡಿ. ದಿನವೂ ಬರುತ್ತಿದ್ದರೆ ಮಾತ್ರ ನಿಮ್ಮ ಫೋನನ್ನೇ ಅನುಮಾನಿಸಿ. ಗುರುತಿಲ್ಲದ ಆ್ಯಪ್ ತೆಗೆದುಹಾಕಿ, ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್‌ನಲ್ಲಿ ಸ್ಕ್ಯಾನ್ ಮಾಡಿ.

ನನಗೆ ನಿಜವಾದ ಭಯ ಇರುವುದು ನಕಲಿ ಎಚ್ಚರಿಕೆಗಳ ಬಗ್ಗೆ. ನೋಡಲು ಥೇಟ್ ಹೀಗೇ ಇರುತ್ತವೆ. ‘ನೋಟಿಫಿಕೇಶನ್‌ಗೆ ಅನುಮತಿ ಕೊಡಿ’, ‘ಈ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆಯೂ ಆ್ಯಪ್ ಹಾಕಬಲ್ಲ ಫೈಲ್) ಹಾಕಿಕೊಳ್ಳಿ’, ‘ಒಟಿಪಿ ಬರೆಯಿರಿ’ ಅನ್ನುತ್ತವೆ. ಅಸಲಿ ಕ್ಯಾಪ್ಚಾ ಇವ್ಯಾವುದನ್ನೂ ಕೇಳುವುದಿಲ್ಲ, ಹಣವನ್ನಂತೂ ಕೇಳುವುದೇ ಇಲ್ಲ. ಅಂಥದ್ದು ಕಂಡರೆ ಆ ಟ್ಯಾಬ್ ಮುಚ್ಚಿಬಿಡಿ. ಅಕಸ್ಮಾತ್ ಒತ್ತಿ ಖಾತೆಯಿಂದ ಹಣ ಹೋಗಿದ್ದರೆ ಮನೆಯವರು ಬೈಯುತ್ತಾರೆ ಅಂತ ಸುಮ್ನೆ ಕೂರಬೇಡಿ. ಆ ಕ್ಷಣವೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಯಲು ಅವಕಾಶ ಇರುತ್ತದೆ.