ಮೆಕ್ಲೀನ್ ಕೌಂಟಿಯಲ್ಲಿ ಡೌನ್ ಪೇಮೆಂಟ್ ಇಲ್ಲದೆ ಮನೆ: ಯುಎಸ್‌ಡಿಎ ಸಾಲ, ನನ್ನ ಅನುಭವ

ಇಲಿನಾಯ್‌ನ ಬ್ಲೂಮಿಂಗ್ಟನ್-ನಾರ್ಮಲ್ ಅವಳಿ ಊರಿನ ಕನ್ನಡಿಗರಲ್ಲಿ ಮೂರು ಮಾತು ಓಡಾಡುತ್ತವೆ: ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಸಾಲ ಹೊಲ ಇದ್ದವರಿಗೆ, ಐಟಿ ಸಂಬಳಕ್ಕೆ ಸಿಗುವುದಿಲ್ಲ, ಈ ಊರ ಹತ್ತಿರ ನಡೆಯುವುದಿಲ್ಲ. ಮೂರೂ ತಪ್ಪು. ನಾರ್ಮಲ್‌ನ ಉತ್ತರಕ್ಕೆ, ಹಡ್ಸನ್ ಆಚೆ, 2.4 ಲಕ್ಷ ಡಾಲರಿನ ನನ್ನ ಮನೆ ಡೌನ್ ಪೇಮೆಂಟ್ ಇಲ್ಲದೆ ಕ್ಲೋಸ್ ಆಗಿದೆ, ಅಂದರೆ ಖರೀದಿ ಮುಗಿದಿದೆ. ಆಗುವುದಿಲ್ಲ ಎಂದಿದ್ದವರಲ್ಲಿ ಇಬ್ಬರು ಈಗ ಲೆರಾಯ್ ಕಡೆ ಮನೆ ನೋಡುತ್ತಿದ್ದಾರೆ. ಇಲ್ಲಿ ಹೇಳುವುದೆಲ್ಲ ಸೆಕ್ಷನ್ 502 ಗ್ಯಾರಂಟೀಡ್ ಸಾಲದ ವಿಷಯ. ಹಣ ಬ್ಯಾಂಕಿನದು, ಗ್ಯಾರಂಟಿ ಯುಎಸ್‌ಡಿಎಯದು. ಯುಎಸ್‌ಡಿಎ ತಾನೇ ಕೊಡುವ ಡೈರೆಕ್ಟ್ ಸಾಲದ ಆದಾಯ ಮಿತಿ ತೀರಾ ಕಡಿಮೆ, ನಮ್ಮಂಥವರಿಗೆ ಹೊಂದುವುದಿಲ್ಲ.

ಗ್ರೀನ್ ಕಾರ್ಡ್ ಕೈಗೆ ಬರುವವರೆಗೆ ಇದಕ್ಕೆ ಕೈ ಹಾಕಬೇಡಿ. ಎಚ್-1ಬಿ ನಡೆಯುವುದಿಲ್ಲ, 485 (ಗ್ರೀನ್ ಕಾರ್ಡ್ ಅರ್ಜಿ) ಪೆಂಡಿಂಗ್ ಇಟ್ಟುಕೊಂಡು ಇಎಡಿ (ಕೆಲಸದ ಪರವಾನಗಿ) ತೋರಿಸಿದರೂ ನಡೆಯುವುದಿಲ್ಲ. ಬೇರೆ ಸಾಲಗಳಿಗೆ ಎಚ್-1ಬಿ ಒಪ್ಪುವ ಲೋನ್ ಆಫೀಸರ್‌ಗಳು ಇದಕ್ಕೂ ಹೂಂ ಎಂದು ಅಪ್ರೈಸಲ್ (ಮನೆಯ ಮೌಲ್ಯಮಾಪನ) ಹಣ ಕಟ್ಟಿಸಿಬಿಡುತ್ತಾರೆ.

ಇನ್ನು ಯುಎಸ್‌ಡಿಎ ವೆಬ್‌ಸೈಟಿನ ನಕ್ಷೆ. ಸಾಲ ಅದರಲ್ಲಿ ಗ್ರಾಮೀಣ ಎಂದು ತೋರಿಸಿದ ಜಾಗಕ್ಕೆ ಮಾತ್ರ. ಕೌಂಟಿ ಅರ್ಹವೇ ಎಂದು ಕೇಳಿ ಪ್ರಯೋಜನವಿಲ್ಲ, ಮನೆ ನಿಂತ ಜಾಗ ಅರ್ಹವೇ ಎಂದು ನೋಡಬೇಕು. ಬ್ಲೂಮಿಂಗ್ಟನ್, ನಾರ್ಮಲ್ ಎರಡೂ ಬಣ್ಣ ಬಳಿದ ಅನರ್ಹ ಭಾಗದಲ್ಲಿವೆ. ಹಡ್ಸನ್, ಹೇವರ್ತ್, ಲೆರಾಯ್, ಲೆಕ್ಸಿಂಗ್ಟನ್, ಡೌನ್ಸ್ ಹೊರಗಿವೆ. ಅಂಚೆ ವಿಳಾಸದಲ್ಲಿ ‘ನಾರ್ಮಲ್ 61761’ ಎಂದಿರುವ ಎಷ್ಟೋ ಮನೆಗಳು ಊರ ಗಡಿಯ ಆಚೆ ಇವೆ, ಆದ್ದರಿಂದ ಊರ ಹೆಸರು ನೋಡಿ ಮನೆ ಬಿಡಬೇಡಿ. ಮೊದಲ ಆಫರ್ ಬಿದ್ದುಹೋದದ್ದು ಇದರ ತಿರುವುಮುರುವಿನಲ್ಲಿ. ವಿಳಾಸ ಟೈಪ್ ಮಾಡಿದಾಗ ‘ಅರ್ಹ’ ಎಂದು ಬಂತು. ಲೇಔಟ್ ಹೊಸದು, ನಕ್ಷೆಗೆ ರಸ್ತೆಯೇ ಗೊತ್ತಿರಲಿಲ್ಲ, ಪಿನ್ ಒಂದೂವರೆ ಮೈಲಿ ಆಚೆ ಹೋಗಿ ಕೂತಿತ್ತು. ನಿಜವಾದ ಜಾಗ ಬಣ್ಣದೊಳಗೆ. ಇನ್‌ಸ್ಪೆಕ್ಷನ್‌ಗೆ ಕೊಟ್ಟ ಸುಮಾರು 450 ಡಾಲರ್ ಅಲ್ಲಿಗೇ ಹೋಯಿತು. ಆಮೇಲೆ ಹಟಕ್ಕೆ ಬಿದ್ದು ಮಾರಾಟಕ್ಕಿದ್ದ ಮೂವತ್ತು ನಲವತ್ತು ಮನೆಗಳನ್ನು ಒಮ್ಮೆ ವಿಳಾಸದಿಂದ, ಒಮ್ಮೆ ಛಾವಣಿಯ ಮೇಲೆ ಕೈಯಾರೆ ಪಿನ್ ಇಟ್ಟು ನೋಡಿದೆ. ನಾಲ್ಕೈದಕ್ಕೆ ಉತ್ತರ ಬದಲಾಯಿತು, ಎಲ್ಲವೂ ಹೊಸ ಲೇಔಟ್‌ಗಳೇ. ಪಿನ್ ಇಟ್ಟ ಪುಟವನ್ನು ತಾರೀಕು ಸಮೇತ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಗೆರೆ ರಸ್ತೆಯ ಮೇಲೆಯೇ ಹಾದುಹೋದರೆ ಯುಎಸ್‌ಡಿಎಯ ರೂರಲ್ ಡೆವಲಪ್‌ಮೆಂಟ್ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ಆಫರ್ ಹಾಕಿ.

ಬಹಳ ಫೈಲುಗಳು ಸಾಯುವುದು ಆದಾಯದ ಲೆಕ್ಕದಲ್ಲಿ. ವಾರ್ಷಿಕ ಆದಾಯದ ಮಿತಿ 2024ರಲ್ಲಿ ಬಹುಪಾಲು ಕೌಂಟಿಗಳಿಗೆ ನಾಲ್ವರವರೆಗಿನ ಮನೆಗೆ 1,12,450 ಡಾಲರ್, ಐದರಿಂದ ಎಂಟು ಜನಕ್ಕೆ 1,48,450 ಇತ್ತು, ಆಮೇಲೆ ಏರಿದೆ. ಸಂಬಳ ಹೆಚ್ಚಿರುವ ಕೌಂಟಿಗಳಲ್ಲಿ ಮಿತಿಯೂ ಹೆಚ್ಚು. ಸಾಲದ ಪತ್ರದಲ್ಲಿ ಹೆಸರಿಲ್ಲದಿದ್ದರೂ ಮನೆಯಲ್ಲಿರುವ ದೊಡ್ಡವರೆಲ್ಲರ ಆದಾಯ ಸೇರುತ್ತದೆ. ಹೆಂಡತಿಯ ಪಾರ್ಟ್‌ಟೈಮ್ ಸಂಬಳ ಬಿಟ್ಟರೆ ಆಮೇಲೆ ಟ್ಯಾಕ್ಸ್ ಪತ್ರದಲ್ಲಿ ಸಿಕ್ಕಿಬೀಳುತ್ತೀರಿ. ಆದರೆ ಕಳೆಯುವುದೂ ಇದೆ: ಮಗುವಿಗೆ 480 ಡಾಲರ್, ಜೊತೆಗೆ ಹನ್ನೆರಡು ದಾಟದ ಮಕ್ಕಳ ಡೇಕೇರ್‌ಗೆ ನಿಜವಾಗಿ ಕೊಟ್ಟ ಹಣ. ಎರಡನೆಯ ಆಫರ್‌ನಲ್ಲಿ ಆದಾಯ ಮಿತಿಗಿಂತ ಐದಾರು ಸಾವಿರ ಮೇಲಿತ್ತು, ಲೋನ್ ಆಫೀಸರ್ ಅಲ್ಲಿಗೇ ಫೈಲ್ ಮುಚ್ಚಿದರು. ಇಬ್ಬರು ಮಕ್ಕಳಿಗೆ 960, ಡೇಕೇರ್ ಸುಮಾರು 14,000 ಕಳೆದಿದ್ದರೆ ಒಂಬತ್ತು ಸಾವಿರ ಒಳಗೇ ಬರುತ್ತಿತ್ತು. ಅವರು ವರ್ಷಕ್ಕೆ ಇಂಥ ಸಾಲ ಒಂದೋ ಎರಡೋ ಮಾಡುವವರು. ಮೂರನೆಯ ಸಲ ತಿಂಗಳಿಗೆ ನಾಲ್ಕೈದು ಮಾಡುವವರನ್ನು ಹುಡುಕಿದ್ದೇ ಎಲ್ಲಕ್ಕಿಂತ ದೊಡ್ಡ ಲಾಭ. ಡೇಕೇರ್‌ನವರಿಂದ ಲೆಟರ್‌ಹೆಡ್ ಮೇಲೆ ಪತ್ರ, ಹನ್ನೆರಡು ತಿಂಗಳ ರಸೀದಿ ಎರಡೂ ಬೇಕು, ನಗದಾಗಿ ಕೊಟ್ಟ ಹಣಕ್ಕೆ ಬೆಲೆಯಿಲ್ಲ.

ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದಿದ್ದರೆ ತಲೆಯೆಣಿಕೆಗೆ ಬರುವುದಿಲ್ಲ. ಗ್ರೀನ್ ಕಾರ್ಡ್ ಪಡೆದು ಜೊತೆಯಲ್ಲೇ ಇದ್ದರೆ ಬರುತ್ತಾರೆ, ಆಗ ಐದರ ಮೇಲಿನ ಮಿತಿ ಸಿಗುತ್ತದೆ. ಆದರೆ ಊರಿಂದ ಬರುವ ಅವರ ಪೆನ್ಶನ್ ಕೂಡ ಆದಾಯಕ್ಕೆ ಸೇರಿಸಬೇಕು. ಬೆಂಗಳೂರಿನ ಫ್ಲಾಟ್‌ನ ಇಎಂಐಯನ್ನೂ ಮುಚ್ಚಿಡಬೇಡಿ, ಅದು ಸಾಲದ ಅನುಪಾತಕ್ಕೆ ಬರುತ್ತದೆ. ಬ್ಯಾಂಕಿನಲ್ಲಿ 20 ಶೇಕಡಾ ಡೌನ್ ಪೇಮೆಂಟ್ ಜೊತೆ ಕ್ಲೋಸಿಂಗ್ ಖರ್ಚಿಗೂ ಆಗುವಷ್ಟು ಹಣವಿದ್ದು, ಸಾಮಾನ್ಯ ಸಾಲ ಸಿಗುವ ಹಾಗಿದ್ದರೆ ಈ ಬಾಗಿಲು ಮುಚ್ಚಿದೆ.

ಅನುಪಾತ 29 ಮತ್ತು 41: ತಿಂಗಳ ಆದಾಯದಲ್ಲಿ ತೆರಿಗೆ, ವಿಮೆ ಸೇರಿದ ಮನೆಯ ಕಂತು 29 ಶೇಕಡಾ, ಎಲ್ಲ ಸಾಲದ ಕಂತು ಸೇರಿ 41 ಶೇಕಡಾ ದಾಟಬಾರದು. ಯುಎಸ್‌ಡಿಎಯ ಕಂಪ್ಯೂಟರ್ ಒಪ್ಪಿದರೆ ಸ್ವಲ್ಪ ಮೇಲೆ ಹೋಗಬಹುದು, ಕ್ರೆಡಿಟ್ ಸ್ಕೋರ್ 640 ದಾಟಿದ್ದರೆ ದಾರಿ ಸಲೀಸು. ಇಲಿನಾಯ್‌ನಲ್ಲಿ 29 ಅನ್ನು ತಿನ್ನುವುದು ಆಸ್ತಿ ತೆರಿಗೆ. ಈ ಮನೆಗೆ ವರ್ಷಕ್ಕೆ 5,500ರ ಹತ್ತಿರ, ತಿಂಗಳಿಗೆ 458. ಹೊಸ ಮನೆಯಾದರೆ ಮೊದಲ ವರ್ಷ ಬರೀ ಸೈಟಿನ ತೆರಿಗೆ ತೋರಿಸುತ್ತಾರೆ, ಮರುವರ್ಷ ಕಂತು ನಾಲ್ಕೈದು ನೂರು ಜಿಗಿಯುತ್ತದೆ.

ಹಣದ ಲೆಕ್ಕ ಹೀಗೆ. ಬೆಲೆ 2,40,000, ಅಪ್ರೈಸಲ್ 2,46,000 ಬಂತು. ಈ ಸಾಲದಲ್ಲಿ ಅಪ್ರೈಸಲ್ ಮೊತ್ತದವರೆಗೆ ಕ್ಲೋಸಿಂಗ್ ಖರ್ಚನ್ನೂ ಸಾಲಕ್ಕೇ ಸೇರಿಸಬಹುದು, ಹಾಗಾಗಿ 6,000 ಅಲ್ಲೇ ತೀರಿತು. ಅದರ ಮೇಲೆ 1 ಶೇಕಡಾ ಗ್ಯಾರಂಟಿ ಶುಲ್ಕ 2,485, ಅದೂ ಸಾಲದಲ್ಲೇ. ವಾರ್ಷಿಕ ಶುಲ್ಕ 0.35 ಶೇಕಡಾ, ತಿಂಗಳಿಗೆ 72 ಡಾಲರ್. ಇದೇ ಮನೆಗೆ ಎಫ್‌ಎಚ್‌ಎ (ಸರ್ಕಾರಿ ವಿಮೆಯ ಇನ್ನೊಂದು ಗೃಹಸಾಲ) ಹಿಡಿದಿದ್ದರೆ 8,400 ಡೌನ್ ಪೇಮೆಂಟ್, 4,053 ಮೊದಲ ಶುಲ್ಕ, ತಿಂಗಳಿಗೆ 106. ಮಾರುವವರು 6 ಶೇಕಡಾವರೆಗೆ ಖರ್ಚು ಹೊರಬಹುದು. ಅದನ್ನು ಆಫರ್‌ನಲ್ಲಿ ಹೇಗೆ ಬರೆದರೆ ಅವರು ಮುಖ ತಿರುಗಿಸುವುದಿಲ್ಲ ಎನ್ನುವುದು ಎರಡು ಸಲ ಕೆಲಸ ಮಾಡಿದ ಸಾಲು. ಅದನ್ನು ಇಲ್ಲಿ ಹಾಕುವುದಿಲ್ಲ.

ಬಾವಿ ನೀರಿನ ಮನೆಯಾದರೆ ಪರೀಕ್ಷೆಯನ್ನು ಮೊದಲ ವಾರದಲ್ಲೇ ಮಾಡಿಸಿ. ಇಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಆರಿಂಚಿನ ಕೊಳವೆಯಲ್ಲಿ ಅಡಿಗೆ ಒಂದೂವರೆ ಗ್ಯಾಲನ್ ನೀರು ಎಂದು ಲೆಕ್ಕ ಹಾಕಿ, ವಾಸನೆ ಬೆರೆಸದ ಬ್ಲೀಚ್ ಸುರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ಒಂದು ದಿನ ಕೂರಿಸಿದರು. ಆ ನೀರನ್ನು ಹೊರಗಿನ ನಲ್ಲಿಯಿಂದ ಚರಂಡಿಗೆ ಬಿಡಬೇಕು, ಸೆಪ್ಟಿಕ್‌ಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತದೆ. ಕ್ಲೋರಿನ್ ಪೂರ್ತಿ ಹೋದ ಮೇಲೆ ಮತ್ತೆ ಸ್ಯಾಂಪಲ್. ಒಟ್ಟು ಹನ್ನೆರಡು ದಿನ ಹಿಡಿಯಿತು. ಬಾವಿಗೂ ಸೆಪ್ಟಿಕ್‌ನ ಇಂಗು ಜಾಗಕ್ಕೂ ನೂರು ಅಡಿ ಇದೆಯೇ ಎಂದು ಮನೆ ನೋಡಲು ಹೋದ ದಿನವೇ ಟೇಪ್ ಹಿಡಿದು ಅಳೆಯಿರಿ.

ಬ್ಯಾಂಕ್ ಒಪ್ಪಿದ ಮೇಲೂ ಫೈಲು ಯುಎಸ್‌ಡಿಎಗೆ ಹೋಗಿ ಕಂಡಿಷನಲ್ ಕಮಿಟ್‌ಮೆಂಟ್ (ಗ್ಯಾರಂಟಿಗೆ ಷರತ್ತಿನ ಒಪ್ಪಿಗೆ) ಬರಬೇಕು. ಇಲ್ಲಿ ಎಂಟು ದಿನ ಆಯಿತು. ಕರಾರಿನಲ್ಲಿ ಕ್ಲೋಸಿಂಗ್‌ಗೆ 30 ದಿನ ಬೇಡ, 45 ಬರೆಸಿ. ಸೆಪ್ಟೆಂಬರ್ ಕೊನೆಗೆ ಫೈಲು ಅಲ್ಲಿ ಕೂರದಂತೆ ನೋಡಿಕೊಳ್ಳಿ: 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಸರ್ಕಾರ ಮುಚ್ಚಿದ್ದಾಗ ಹೊಸ ಕಮಿಟ್‌ಮೆಂಟ್ ಕೊಡಲಿಲ್ಲ, 45 ದಿನದ ಕರಾರೂ ಅಲ್ಲಿ ಸಾಲುತ್ತಿರಲಿಲ್ಲ.