ಬೆಲ್‌ಫಾಸ್ಟ್‌ನಲ್ಲಿ ನಾನು ಸಂದರ್ಶನ ಮಾಡಿದ ಬಗೆ

ಉತ್ತರ ಐರ್ಲೆಂಡಿನ ಸಾಮರಸ್ಯದ ಬಗ್ಗೆ ಸಂಶೋಧನೆಗೆ ಇಳಿಯುವವರು ಸಿದ್ಧಾಂತಗಳಿಗೂ ಮೊದಲು ಅಮೆರಿಕದ ಬಾಸ್ಟನ್ ಕಾಲೇಜಿನ ಧ್ವನಿಮುದ್ರಿಕೆಗಳ ಪ್ರಕರಣವನ್ನು ಓದಬೇಕು. 2001ರಿಂದ 2006ರವರೆಗೆ ಬ್ರಿಟನ್ನಿನೊಂದಿಗೇ ಉಳಿಯಬೇಕೆನ್ನುವ (ಹೆಚ್ಚಾಗಿ ಪ್ರಾಟೆಸ್ಟಂಟ್) ಮತ್ತು ಐರ್ಲೆಂಡಿನೊಂದಿಗೆ ಒಂದಾಗಬೇಕೆನ್ನುವ (ಹೆಚ್ಚಾಗಿ ಕ್ಯಾಥೊಲಿಕ್) ಎರಡೂ ಪಾಳೆಯಗಳ ಮಾಜಿ ಸಶಸ್ತ್ರ ಹೋರಾಟಗಾರರ ನೆನಪುಗಳನ್ನು ಆ ಯೋಜನೆಯಲ್ಲಿ ದಾಖಲಿಸಿದ್ದರು. ಬದುಕಿರುವವರೆಗೆ ಇದು ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ ಅವರು ಬಾಯಿ ಬಿಟ್ಟಿದ್ದರು. ಹತ್ತು ಮಕ್ಕಳ ತಾಯಿ ಜೀನ್ ಮೆಕಾನ್‌ವಿಲ್ 1972ರಲ್ಲಿ ಕೊಲೆಯಾಗಿದ್ದರು. ಆ ತನಿಖೆಗಾಗಿ ಮುದ್ರಿಕೆಗಳನ್ನು ಒಪ್ಪಿಸುವಂತೆ 2011ರಲ್ಲಿ ಬ್ರಿಟನ್ನಿನ ಕೋರಿಕೆಯಂತೆ ಅಮೆರಿಕದಲ್ಲಿ ಸಮನ್ಸ್ ಹೊರಟಿತು. ನ್ಯಾಯಾಲಯದಲ್ಲಿ ಸೆಣಸಿದರೂ ಕೆಲವು ಮುದ್ರಿಕೆಗಳು ಪೊಲೀಸರ ಕೈ ಸೇರಿದವು. ಆ ಮಕ್ಕಳಿಗೆ ಸತ್ಯ ತಿಳಿಯುವ ಹಕ್ಕಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಉಳಿಸಿಕೊಳ್ಳಲಾಗದ ಮಾತನ್ನು ಸಂಶೋಧಕರು ಯಾರಿಗೂ ಕೊಡಬಾರದು.

ಹಾಗಾಗಿ ನ್ಯಾಯಾಲಯ ಕೇಳಿದರೆ ನೀವು ಹೇಳಿದ್ದನ್ನು ಬಚ್ಚಿಡಲಾರೆ ಎಂದು ಒಪ್ಪಿಗೆ ಪತ್ರದ ಮೊದಲ ಸಾಲಿನಲ್ಲೇ ಬರೆದೆ. ಸಹಿಗೆ ಮುನ್ನ ಅದನ್ನು ಪ್ರತಿಯೊಬ್ಬರಿಗೂ ಓದಿ ಹೇಳುತ್ತಿದ್ದೆ. ವಿಚಾರಣೆಯಾಗದ ಕೃತ್ಯಗಳಲ್ಲಿ ಯಾರ ಕೈವಾಡವಿತ್ತು ಎಂಬುದನ್ನು ಹೇಳಬೇಡಿ ಎಂದೂ ಕೇಳಿಕೊಳ್ಳುತ್ತಿದ್ದೆ. ಮಾತು ಅತ್ತ ಹೊರಳಿದರೆ ಧ್ವನಿಮುದ್ರಣ ನಿಲ್ಲಿಸುತ್ತಿದ್ದೆ. ಕೆಲವರು ಹಿಂದೆ ಸರಿದರು. ಉಳಿದವರು ನಿರಾಳವಾಗಿ ಮಾತನಾಡಿದರು.

ಇಷ್ಟೆಲ್ಲ ಬಿಟ್ಟರೆ ಕೇಳಲು ಏನು ಉಳಿಯುತ್ತದೆ? ಬೇಕಾದಷ್ಟು. ಬೆಲ್‌ಫಾಸ್ಟ್‌ನಲ್ಲಿ ಕ್ಯಾಥೊಲಿಕರ ಫಾಲ್ಸ್ ಮತ್ತು ಪ್ರಾಟೆಸ್ಟಂಟರ ಶಾಂಕಿಲ್ ಬಡಾವಣೆಗಳ ನಡುವೆ 1969ರಲ್ಲಿ ತಾತ್ಕಾಲಿಕವೆಂದು ಎಬ್ಬಿಸಿದ ತಡೆ, 1998ರ ಶಾಂತಿ ಒಪ್ಪಂದದ ಬಳಿಕವೂ ಎತ್ತರದ ಗೋಡೆಯಾಗಿ ನಿಂತಿದೆ. ಇಂತಹ ಗೋಡೆಗಳನ್ನೆಲ್ಲ 2023ರೊಳಗೆ ತೆಗೆಯುವ ಗುರಿಯನ್ನು ಅಲ್ಲಿನ ಸರ್ಕಾರ 2013ರಲ್ಲಿ ಹಾಕಿಕೊಂಡಿತ್ತು, ಅದು ಈಡೇರಲಿಲ್ಲ. ಏಕೆ ಎಂಬುದಕ್ಕೆ ಉತ್ತರ ಗೋಡೆಯ ಮಗ್ಗುಲಲ್ಲೇ ಬದುಕುವವರ ಬಳಿ ಇದೆ. ಸಾಮರಸ್ಯ ಎಂದರೆ ಏನು ಎಂದು ನೇರವಾಗಿ ಕೇಳಿದರೆ ವೇದಿಕೆಗೆ ಒಪ್ಪುವ ಉತ್ತರ ಬರುತ್ತದೆ. ರಾತ್ರಿ ಗೋಡೆಯ ಗೇಟು ಮುಚ್ಚಿದ ಮೇಲೆ ಯಾವ ದಾರಿಯಲ್ಲಿ ಮನೆಗೆ ಬರುತ್ತೀರಿ, ಟ್ಯಾಕ್ಸಿಯವರಿಗೆ ಯಾವ ವಿಳಾಸ ಹೇಳುತ್ತೀರಿ, ಮಗಳು ಆ ಕಡೆಯ ಗೆಳತಿಯನ್ನು ಎಲ್ಲಿ ಭೇಟಿಯಾಗುತ್ತಾಳೆ ಎಂದು ನಾನು ಕೇಳುತ್ತಿದ್ದೆ. ಭಯ ಎಷ್ಟು ಉಳಿದಿದೆ, ವಿಶ್ವಾಸ ಎಲ್ಲಿ ಮೊಳೆತಿದೆ ಎಂಬುದು ಅಂತಹ ಉತ್ತರಗಳಲ್ಲಿ ಸ್ಪಷ್ಟವಾಗುತ್ತಿತ್ತು. ಗೋಡೆ ಹೋಗಲೇಬೇಕು ಎಂದವರೇ, ನಮ್ಮ ಹಿತ್ತಲಿನ ಬದಿಯದು ಮಾತ್ರ ಈಗಲೇ ಬೇಡ ಎನ್ನುತ್ತಿದ್ದರು. ಇದನ್ನು ದ್ವಂದ್ವ ನಿಲುವು ಎಂದು ತಳ್ಳಿಹಾಕುವುದು ಅನ್ಯಾಯ. ಕಲ್ಲು ಬಿದ್ದರೆ ಒಡೆಯುವುದು ಅವರ ಮನೆಯ ಕಿಟಕಿ.

ಬರಹಕ್ಕಿಳಿಸಿದ ಮೇಲೆ ಪ್ರತಿಯನ್ನು ಅವರವರಿಗೇ ಕೊಟ್ಟು, ಬೇಡವಾದದ್ದನ್ನು ಹೊಡೆದುಹಾಕಲು ಹೇಳುತ್ತಿದ್ದೆ. ಹೆಸರು ತೆಗೆದರೆ ಸಾಲದು. ಅಕ್ಕಪಕ್ಕದವರೆಲ್ಲ ಪರಸ್ಪರ ಪರಿಚಿತರಾಗಿರುವ ಕಡೆ ಬೀದಿ, ವರ್ಷ, ಕಸುಬು ಈ ಮೂರು ಸೇರಿದರೆ ವ್ಯಕ್ತಿ ಯಾರೆಂದು ಗೊತ್ತಾಗಿಬಿಡುತ್ತದೆ. ಅವುಗಳಲ್ಲಿ ಒಂದನ್ನಾದರೂ ಕೈಬಿಡುತ್ತಿದ್ದೆ. ಇದರಿಂದ ನನ್ನ ಸಂಶೋಧನಾ ಪ್ರಬಂಧದ ಒಂದು ಅಧ್ಯಾಯ ತೆಳುವಾಗಿದೆ ಎಂದು ಪರೀಕ್ಷಕರೊಬ್ಬರು ಬರೆದರು. ಆ ಅಧ್ಯಾಯವನ್ನು ನಾನು ಬದಲಿಸಲಿಲ್ಲ.